ಮಾದರಿ ರೈಲು: ಮೊದಲು ಹಲಗೆ ಗಟ್ಟಿಯಾಗಲಿ

ಮಾನ್ಯ ಸಂಪಾದಕರೇ,

ಹೊಸದಾಗಿ ಸಂಘ ಕಟ್ಟಿ ಮಾದರಿ ರೈಲು ಮಾಡಹೊರಟವರು ಎಂಜಿನ್ನಿಗೇ ದುಡ್ಡು ಸುರಿದು, ಹಳಿ ಹಾಸುವ ಅಡಿಹಲಗೆಯಲ್ಲಿ ಉಳಿತಾಯ ಮಾಡುತ್ತಾರೆ. ಗಾಡಿ ಹಳಿ ತಪ್ಪುವುದು ಅಲ್ಲಿಂದಲೇ. 12 ಮಿ.ಮೀ. ಪ್ಲೈವುಡ್, ಕೆಳಗೆ ಅಡಿಗೊಂದು ಅಡ್ಡಪಟ್ಟಿ ಇರಲಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಲೋಹದ ಹಳಿ ಅದರ ಜೊತೆ ಕುಗ್ಗುವುದಿಲ್ಲ. ಜುಲೈನಲ್ಲಿ ಸಂದಿಲ್ಲದೆ ಕೂಡಿಸಿದ ಹಳಿ ಮಾರ್ಚ್‌ನಲ್ಲಿ ಹಾವಿನಂತೆ ಡೊಂಕಾಗುವುದು ಇದಕ್ಕೇ. ಪ್ರತಿ ಕೂಡಿಕೆಯಲ್ಲಿ ಅರ್ಧದಿಂದ ಒಂದು ಮಿ.ಮೀ. ಸಂದು ಬಿಡಿ. ಹಲಗೆಯ ಎರಡೂ ಮುಖಕ್ಕೆ, ಅಂಚಿಗೂ, ಬಣ್ಣ ಬಳಿಯಿರಿ.

ಎಂಜಿನ್ನಿಗೆ ಕರೆಂಟು ಬರುವುದು ಹಳಿಯಿಂದಲೇ. ಅದಕ್ಕೆ ಹಳಿಯ ತುಂಡುಗಳನ್ನು ಕೂಡಿಸುವ ತಗಡನ್ನೇ ನಂಬಬೇಡಿ. ಅದು ಕಿಲುಬು ಹಿಡಿದರೆ ದೂರದ ತಿರುವಿನಲ್ಲಿ ಎಂಜಿನ್ ಏದುಸಿರು ಬಿಡುತ್ತದೆ. ಮೀಟರಿಗೊಂದರಂತೆ ಎರಡೂ ಹಳಿಗೆ ವೈರ್ ಬೆಸೆದು, ಹಲಗೆಯ ಕೆಳಗೆ ಹಳಿಗೊಂದರಂತೆ ಎಳೆದ ಎರಡು ದಪ್ಪ ವೈರಿಗೆ ಬೇರೆಬೇರೆಯಾಗಿ ಸೇರಿಸಿ. ಹಳಿಗೆ ಉಪ್ಪುಕಾಗದ ಮುಟ್ಟಿಸಲೇಬೇಡಿ. ಆ ಗೀರಿನಲ್ಲೇ ಕೊಳೆ ಕೂರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆ ಸಾಕು.

ನಮ್ಮ ಬ್ರಾಡ್‌ಗೇಜ್, ಅಂದರೆ ನಿಜವಾದ ರೈಲಿನ ಎರಡು ಹಳಿಗಳ ನಡುವಿನ ಅಂತರ, 1,676 ಮಿ.ಮೀ. ಎಚ್‌ಒ ಅಳತೆಯಲ್ಲಿ, ಅಂದರೆ ನಿಜದ 87ರಲ್ಲಿ ಒಂದು ಪಾಲಿನಲ್ಲಿ (1:87), ಅದು 19.3 ಮಿ.ಮೀ. ಆಗಬೇಕು, ಅಂಗಡಿಯಲ್ಲಿ ಸಿಗುವ ಹಳಿಯ ಅಂತರ 16.5. ಹಾಗಾಗಿ ನಮ್ಮ ಬೋಗಿಗಳ ಚಕ್ರ ಒಳಗೆ ಸರಿದಂತೆ ಕಾಣುತ್ತವೆ. ಇದನ್ನು ಒಪ್ಪಬೇಕೋ, ಹಳಿಯನ್ನೇ ಕೈಯಾರೆ ಮಾಡಬೇಕೋ ಎಂದು ಸಂಘ ಮೊದಲ ಸಭೆಯಲ್ಲೇ ತೀರ್ಮಾನಿಸಲಿ. ಇಲ್ಲದಿದ್ದರೆ ಒಬ್ಬರ ಹಲಗೆ ಇನ್ನೊಬ್ಬರದಕ್ಕೆ ಕೂಡುವುದಿಲ್ಲ.

– ಮಾದರಿ ರೈಲು ಹವ್ಯಾಸಿಗಳು, ಮೈಸೂರು