ಮಗಳಿಗೊಂದು ಪತ್ರ: ಮುಳ್ಳುಬೇಲಿ ಮೇಲಿನ ಉಪ್ಪು

ಪುಟ್ಟಿ,

ಕೆಲಸಕ್ಕೆ ಅಂತ ನೀನು ಇಥಿಯೋಪಿಯಾಗೆ ಹೊರಡೋ ಫ್ಲೈಟು ಶನಿವಾರ ರಾತ್ರಿ, ಇವತ್ತು ಗುರುವಾರ. ಆವತ್ತು ಊಟಕ್ಕೆ ಕೂತಾಗ ಯಾರು ಏನಂದ್ರು ಅನ್ನೋದನ್ನ ಮತ್ತೆ ಬರೆಯಲ್ಲ. ಒಂದು ಮಾತು ಮಾತ್ರ ವಾಪಸ್ ತಗೋತೀನಿ, "ಆ ದೇಶದಲ್ಲಿ ಏನಿದೆ ಅಂತ ಹೋಗ್ತೀಯ" ಅಂದಿದ್ದು. ಮೂರು ವರ್ಷ ಅಲ್ಲಿನ ಟಿಗ್ರಾಯ್ ಸೀಮೆಯ ಮೆಕೆಲೆಯಲ್ಲಿ ಕಾಮರ್ಸ್ ಪಾಠ ಮಾಡಿ, ಆ ಊರಿನ ಉಪ್ಪು ತಿಂದು, ಆ ಸಂಬಳದಲ್ಲೇ ಈ ಮನೆ ಕಟ್ಟಿದವಳ ಬಾಯಲ್ಲಿ ಅದು ಬರಬಾರದಿತ್ತು.

ಒಂಬತ್ತು ದಿನ ಆಯ್ತು ನಾವು ಮಾತಾಡಿ. ಮೊನ್ನೆ ರಾತ್ರಿ ಚಟ್ನಿಪುಡಿ ಡಬ್ಬಿ ನಿನ್ನ ಸೂಟ್‌ಕೇಸ್ ಮೇಲೆ ಇಟ್ಟು ಬಂದೆ, ಬೆಳಿಗ್ಗೆ ನೋಡಿದ್ರೆ ಡಬ್ಬಿ ಇಲ್ಲ, ಅದರ ಜಾಗದಲ್ಲಿ ನನ್ನ ಬಿಪಿ ಮಾತ್ರೆ, ಮೂರು ತಿಂಗಳಿಗಾಗೋಷ್ಟು. ಅದನ್ನ ಕೈಲಿ ಹಿಡ್ಕೊಂಡು ಅಲ್ಲೇ ನಿಂತುಬಿಟ್ಟೆ ಕಣೇ.

ಇಂಥದೇ ವ್ಯಾಪಾರದ ಬಗ್ಗೆ ನಾನು ಅಲ್ಲಿದ್ದಾಗ ಓದಿದ್ದೆ. ಆರನೇ ಶತಮಾನದಲ್ಲಿ ಕಾಸ್ಮಾಸ್ ಅನ್ನೋ ಅಲೆಕ್ಸಾಂಡ್ರಿಯಾದ ವ್ಯಾಪಾರಿ ಬರೆದಿಟ್ಟಿದ್ದು. ಅಲ್ಲಿನ ಹಳೇ ಅಕ್ಸುಮ್ ರಾಜ್ಯದ ರಾಜ ಎರಡು ವರ್ಷಕ್ಕೊಂದ್ಸಲ ತನ್ನ ಜನರನ್ನ ಸಾಸು ಅನ್ನೋ ಚಿನ್ನದ ಸೀಮೆಗೆ ಕಳಿಸ್ತಿದ್ದ, ಜೊತೆಗೆ ದನ, ಉಪ್ಪು, ಕಬ್ಬಿಣ. ಭಾಷೆ ಬೇರೆ, ದುಭಾಷಿ ಸಿಗೋದೇ ಕಷ್ಟ. ಇವರು ಮುಳ್ಳಿನ ಬೇಲಿ ಕಟ್ಟಿ, ಬೇಲಿ ಮೇಲೆ ಮಾಂಸ, ಉಪ್ಪು, ಕಬ್ಬಿಣ ಇಟ್ಟು ಒಳಗೆ ಹೋಗ್ತಿದ್ರು. ಆ ಸೀಮೆಯವರು ಬಂದು ಬೇಕಾದ್ದರ ಮೇಲೆ ಒಂದೆರಡು ಚಿನ್ನದ ಕಾಳು ಇಟ್ಟು ದೂರ ಸರೀತಿದ್ರು. ಸಾಕು ಅನ್ಸಿದ್ರೆ ಇವರು ಚಿನ್ನ ತಗೋತಿದ್ರು, ಸಾಲದು ಅನ್ಸಿದ್ರೆ ಮುಟ್ತಿರ್ಲಿಲ್ಲ. ಆಗ ಅವರು ಇನ್ನೊಂದು ಕಾಳು ಸೇರಿಸ್ತಿದ್ರು, ಇಲ್ಲಾ ತಮ್ಮ ಚಿನ್ನ ತಗೊಂಡು ಹೋಗ್ತಿದ್ರು. ಒಂದು ಮಾತಿಲ್ಲ.

ನಾವೂ ಮೂರು ವರ್ಷ ಹಾಗೇ ಇದ್ವಿ ಅಲ್ವಾ. ನಿನ್ನ ಅಜ್ಜಿ ಹತ್ರ ಬಿಟ್ಟು ಹೋದಾಗ ನಿನಗೆ ಮೂರು ವರ್ಷ. ಮೊದಲ ರಜಕ್ಕೆ ಬಂದಾಗ ನೀನು ಹತ್ರನೇ ಬರ್ಲಿಲ್ಲ, ತಂದಿದ್ದ ಗೊಂಬೆನ ದಿಂಬಿನ ಹತ್ರ ಇಟ್ಟು ನಾನು ಅಡುಗೆಮನೆಗೆ ಹೋಗಿಬಿಟ್ಟೆ. ವಾಪಸ್ ಹೋಗಿ ಬ್ಯಾಗ್ ಬಿಚ್ಚಿದ್ರೆ ಸೀರೆ ಮಡಿಕೆಯಲ್ಲಿ ನಿನ್ನದೊಂದು ಹೇರ್‌ಕ್ಲಿಪ್. ನೀನು ಇಟ್ಟಿದ್ದೋ ಜಾರಿ ಬಿದ್ದಿದ್ದೋ ಇವತ್ತಿಗೂ ಕೇಳಿಲ್ಲ. ಕೇಳೋಕೆ ಭಯ.

ಆ ದೇಶದಲ್ಲಿ ಏನಿದೆ ಅಂತ ಈಗ ಸರಿಯಾಗಿ ಹೇಳ್ತೀನಿ ಕೇಳು. ಆನೆದಂತ, ಖಡ್ಗಮೃಗದ ಕೊಂಬು ಎಲ್ಲಾ ಕೆಂಪು ಸಮುದ್ರದ ಅಡೂಲಿಸ್ ಬಂದರಿಗೆ ಇಳೀತಿತ್ತು, ನಮ್ಮ ದೇಶದ ಕಬ್ಬಿಣ, ಉಕ್ಕು, ಹತ್ತಿ ಬಟ್ಟೆ ಅದೇ ಬಂದರಿಗೆ ಹೋಗ್ತಿತ್ತು ಅಂತ ಒಂದನೇ ಶತಮಾನದ ಗ್ರೀಕ್ ಕೈಪಿಡಿಯಲ್ಲೇ ಇದೆ. ಆ ವ್ಯಾಪಾರದಿಂದಲೇ ಅಕ್ಸುಮ್ ರಾಜ್ಯ ಬೆಳೆದು, ಮೂರನೇ ಶತಮಾನದ ಕೊನೆ ಹೊತ್ತಿಗೆ ಸ್ವಂತ ಚಿನ್ನದ ನಾಣ್ಯ ಹೊರಡಿಸ್ತು. ಕ್ರೈಸ್ತ ಧರ್ಮ ಬಂದಿದ್ದೂ ಅದೇ ಹಡಗಿನ ದಾರೀಲಿ. ಈಗಿನ ಲೆಬನಾನ್‌ನ ಟೈರ್ ಪಟ್ಟಣದ ಇಬ್ಬರು ಹುಡುಗರು, ಫ್ರುಮೆಂಟಿಯಸ್ ಮತ್ತು ಎಡೇಸಿಯಸ್. ಅಲ್ಲಿಯ ಜನ ಹಡಗಿನವರನ್ನೆಲ್ಲ ಕೊಂದು ಇವರಿಬ್ಬರನ್ನ ಅಕ್ಸುಮ್ ರಾಜನ ಹತ್ರ ಒಯ್ದರಂತೆ. ಫ್ರುಮೆಂಟಿಯಸ್ ಅರಮನೆ ಲೆಕ್ಕಪತ್ರ ನೋಡೋನಾದ, ರಾಜ ಸತ್ತ ಮೇಲೆ ಪುಟ್ಟ ರಾಜಕುಮಾರ ದೊಡ್ಡವನಾಗೋವರೆಗೂ ರಾಣಿ ಇವರನ್ನ ಉಳಿಸ್ಕೊಂಡಳು, ಆಗ ಇವನು ರೋಮಿನ ಕ್ರೈಸ್ತ ವ್ಯಾಪಾರಿಗಳನ್ನ ಹುಡುಕಿ ಪ್ರಾರ್ಥನೆಗೆ ಜಾಗ ಮಾಡಿಸಿದ. ಮುಂದೆ ಎಜಾನ ರಾಜನ ಕಾಲಕ್ಕೆ, ನಾಲ್ಕನೇ ಶತಮಾನದಲ್ಲಿ, ನಾಣ್ಯದ ಮೇಲಿದ್ದ ಅರ್ಧಚಂದ್ರ ಹೋಗಿ ಶಿಲುಬೆ ಬಂತು. ರಾಜನ ಭಕ್ತಿ ನಿಜವೇ ಇರಬಹುದು, ಆದ್ರೆ ರೋಮಿನವರ ಕೈಗೆ ಹೋಗೋ ನಾಣ್ಯ ಅದು, ವ್ಯಾಪಾರದ ಲೆಕ್ಕಾನೂ ಇತ್ತು ಅಂತ ನನಗನ್ಸುತ್ತೆ.

ನೋಡು, ಪಾಠ ಶುರು ಮಾಡ್ಬಿಟ್ಟೆ. ನಾನು ಹೇಳೋಕೆ ಹೊರಟಿದ್ದು ಇಷ್ಟೇ. ಬಿಡುಗಡೆ ಆದ್ಮೇಲೆ ಎಡೇಸಿಯಸ್ ಅಪ್ಪ ಅಮ್ಮನ್ನ ನೋಡೋಕೆ ಟೈರ್‌ಗೆ ಓಡಿದ. ಫ್ರುಮೆಂಟಿಯಸ್ ಅಲೆಕ್ಸಾಂಡ್ರಿಯಾಗೆ ಹೋಗಿ, ಬಿಷಪ್ ಆಗಿ, ತಿರುಗಿ ಅಕ್ಸುಮ್‌ಗೇ ಹೋದ. ಅಲ್ಲಿಯವರು ಅವನನ್ನ ಇವತ್ತಿಗೂ ಅಬ್ಬಾ ಸಲಾಮ ಅಂತಾರೆ, ಶಾಂತಿಯ ತಂದೆ ಅಂತ. ಅವನಮ್ಮ ಏನಂದ್ಲು ಅಂತ ಯಾರೂ ಬರೆದಿಟ್ಟಿಲ್ಲ.

ನನ್ನ ಭಯ ಸುಳ್ಳಲ್ಲ ಪುಟ್ಟಿ. 2020ರ ನವೆಂಬರಲ್ಲಿ ಯುದ್ಧ ಶುರುವಾದಾಗ ಟಿಗ್ರಾಯ್‌ಗೆ ಫೋನೇ ಹೋಗ್ತಿರ್ಲಿಲ್ಲ, ನನ್ನ ಸ್ಟೂಡೆಂಟ್ಸ್ ಬದುಕಿದಾರೋ ಇಲ್ವೋ ಅಂತ ತಿಂಗಳುಗಟ್ಟಲೆ ಗೊತ್ತಾಗ್ಲಿಲ್ಲ. 2022ರಲ್ಲಿ ಒಪ್ಪಂದ ಆಯ್ತು, ಆದ್ರೂ ನನ್ನ ಎದೆ ಒಪ್ತಿಲ್ಲ. ಅದೇ ಊರಿಗೆ ಕೆಲಸಕ್ಕೆ ನಿಲ್ತೀನಿ ಅನ್ನೋ ಮಗಳನ್ನ ಹೆತ್ತಿದೀನಿ ಅಂತ ಒಳಗೊಳಗೇ ಹೆಮ್ಮೆನೂ ಆಗ್ತಿದೆ, ಎರಡೂ ಒಟ್ಟಿಗೆ. ದಿನಾ ಒಂದು ಮೆಸೇಜ್ ಹಾಕು, ಬರೀ ಚುಕ್ಕಿ ಆದ್ರೂ ಸರಿ.

ಈ ಕಾಗದ ಸೂಟ್‌ಕೇಸ್ ಮೇಲೆ ಇಡ್ತೀನಿ. ಸಾಲದು ಅನ್ಸಿದ್ರೆ ಅಲ್ಲೇ ಬಿಡು, ನಾಳೆ ಇನ್ನೊಂದಿಷ್ಟು ಬರೆದಿಡ್ತೀನಿ. ಸ್ವೆಟರ್ ಹೊರಗೇ ಇದೆ, ತಗೋ. ಮೆಕೆಲೆ 2000 ಮೀಟರ್‌ಗಿಂತ ಎತ್ತರ, ರಾತ್ರಿ ಚಳಿ.

ಅಮ್ಮ