ಮೂರು ಹರಕೆ, ಎರಡು ಸಂದಾಯ

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ. ಮೊಂತಿ ಹಬ್ಬಕ್ಕೆ (ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮ್ಮ ಹೊಸ ತೆನೆಯ ಹಬ್ಬ) ಖಂಡಿತ ಊರಲ್ಲಿರ್ತೇನೆ, ದೇವರಾಣೆ ಅಂದಿದ್ದೀಯ. ಬರುವುದಾದರೆ ಸುಮ್ನೆ ಬಾ ಮಾರಾಯ, ಆಣೆ ಹಾಕಬೇಡ. ಆ ಒಂದು ಮಾತಿನಿಂದ ನನಗೆ ಎರಡು ದಿನ ಸರಿ ನಿದ್ದೆ ಇಲ್ಲ. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ. ಎಲ್ಲರೂ ಓದುವ ಕಡೆಯೇ ಹಾಕುತ್ತೇನೆ, ಯಾಕೆಂದರೆ ನಮ್ಮ ಮನೆಗಳಲ್ಲಿ ಹರಕೆ ಹೇಳಿಕೊಳ್ಳದವರು ಯಾರಿದ್ದಾರೆ? ಮೂರನೇ ಬೆಂಚಿನವರು ಓದುತ್ತಿದ್ದರೆ ಅವರಿಗೂ ನಮಸ್ಕಾರ.

2020ರ ಮಾರ್ಚ್ ಕೊನೆ. ಆಗ ನೀನು ಮಸ್ಕತ್‌ನಲ್ಲಿದ್ದೆ. ಕೊರೊನಾ ಅಂತ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತ್ತು, ಒಳದಾರಿಗಳಿಗೆ ಮಣ್ಣು ಸುರಿದಿತ್ತು. ಕಾಸರಗೋಡಿನವರಾದ ನಮಗೆ ಕನ್ನಡಕ ಬೇಕಾದರೂ ಮಂಗಳೂರು, ದೊಡ್ಡ ಕಾಯಿಲೆ ಬಂದರೂ ಮಂಗಳೂರು. ಅಪ್ಪನಿಗೆ ರಾತ್ರಿ ಎದೆನೋವು ಶುರುವಾದಾಗ ಆ ದಾರಿಯೇ ಇರಲಿಲ್ಲ. ಆಂಬುಲೆನ್ಸ್ ಕಣ್ಣೂರು ಕಡೆಗೆ ತಿರುಗಿತು. ಚಂದ್ರಗಿರಿ ಹೊಳೆ ದಾಟಿದರೆ ಬೇರೆಯೇ ದೇಶ ಅಂತ ಅಜ್ಜಿ ಹೇಳುತ್ತಿದ್ದರಲ್ಲ, ಆ ಸೇತುವೆ ಮೇಲೆ ಹೋಗುವಾಗ ಅಪ್ಪನ ಕೈ ತಣ್ಣಗಾಗಿತ್ತು. ಜಪಸರ ಕಿಸೆಯಲ್ಲೇ ಇತ್ತು. ಹುಟ್ಟಿದಾಗಿನಿಂದ ಹೇಳಿದ 'ನಮಾನ್ ಮರಿಯೆ' ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಬಂದದ್ದು ಹರಕೆ.

ಒಂದಲ್ಲ, ಮೂರು. ಅಪ್ಪ ಬದುಕಿದರೆ ಅತ್ತೂರಿನ ಸಂತ ಲಾರೆನ್ಸರ ಚರ್ಚಿಗೆ ಹೋಗಿ ಮೊಂಬತ್ತಿ ಹಚ್ಚುತ್ತೇನೆ. ಒಂದು ವರ್ಷ ದಿನವೂ ಮೊಣಕಾಲೂರಿ ತೆರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮಾಡುತ್ತೇನೆ. ಅಷ್ಟು ಸಾಲದು ಅನ್ನಿಸಿತು. ದೇವರ ಮುಂದೆ ಇಡಲು ನನ್ನ ಹತ್ತಿರ ನಿಜವಾಗಿ ಭಾರವಾದದ್ದು ಏನಿದೆ ಅಂತ ಹುಡುಕಿದೆ. ತಮ್ಮ ಸಿಕ್ಕಿದ. ಅವನ ಮನೆಗೆ ಹೋಗಿ ಕ್ಷಮೆ ಕೇಳುತ್ತೇನೆ ಅಂದೆ. ಜೋರಾಗಿಯೇ ಅಂದೆನೋ ಏನೋ, ಡ್ರೈವರ್ ಒಮ್ಮೆ ಹಿಂದೆ ತಿರುಗಿ ನೋಡಿದ.

ಅಪ್ಪ ಬದುಕಿದರು. ದಾರಿ ತೆರೆದ ಮೇಲೆ ಕಾರ್ಕಳ ಬಸ್ಸು ಹತ್ತಿ ಅತ್ತೂರಿಗೆ ಹೋದೆ. ಆ ಚರ್ಚು 2016ರಲ್ಲಿ ಬಸಿಲಿಕ (ಪೋಪರ ವಿಶೇಷ ಮನ್ನಣೆ ಪಡೆದ ಚರ್ಚು) ಆದಾಗ ನಾವಿಬ್ಬರೂ ಒಟ್ಟಿಗೆ ಹೋಗಿದ್ದು ನೆನಪಿದೆಯಾ? ಈ ಸಲ ಒಬ್ಬನೇ. ನನ್ನ ಮುಂದೆ ಕುಂಕುಮ ಇಟ್ಟ ಒಬ್ಬ ಅಮ್ಮ, ಮಗುವನ್ನು ಸೊಂಟದಲ್ಲಿಟ್ಟುಕೊಂಡು ಮೊಂಬತ್ತಿ ಹಿಡಿದು ನಿಂತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಮಾತ್ರ ಕೆಲಸ ಮುಗಿಸಿದ ಸಮಾಧಾನ. ತೆರ್ಸ್ ಕೂಡ ಒಂದು ವರ್ಷ ಪೂರ್ತಿ ಮಾಡಿದೆ, ಜ್ವರ ಬಂದ ದಿನವೂ ಬಿಡಲಿಲ್ಲ.

ಮೂರನೆಯದು ಹಾಗೇ ಉಳಿಯಿತು.

ತೋಟದ ಪಾಲಿನ ಜಗಳ ನಿನಗೆ ಗೊತ್ತು. ತಪ್ಪು ಅವನದ್ದು ಅಂತ ನಿನ್ನ ಹತ್ತಿರ ಹೇಳಿದ್ದೆ, ನೀನು ನಂಬಿದೆ. ಪೂರ್ತಿ ಹಾಗಲ್ಲ. ಅಳತೆಗೆ ಮೊದಲೇ, ಅವನು ಊರಲ್ಲಿ ಇಲ್ಲದ ದಿನ ನೋಡಿ, ಬಾವಿ ಇರುವ ತುಂಡು ನನಗೆ ಬರುವ ಹಾಗೆ ಅಪ್ಪನ ಹತ್ತಿರ ಸಹಿ ಹಾಕಿಸಿದ್ದು ನಾನು. ಅಪ್ಪನಿಗೆ ಕಾಗದ ಓದಿ ಹೇಳಲಿಲ್ಲ. ಇದನ್ನು ಇಲ್ಲಿ ಬರೆಯಬೇಕು ಅಂತ ಹೊರಟವನಲ್ಲ. ಬರೆದಾಯಿತು, ಇರಲಿ.

ಕಳೆದ ವರ್ಷ ಹರಕೆಯಿಂದ ಬಿಡಿಸಿ ಅಂತ ಫಾದರ್ ಹತ್ತಿರ ಹೋದೆ. ಹಾಗೆ ಬಿಡಿಸಲು ಆಗುತ್ತದೆ. ನಮ್ಮ ಕಥೋಲಿಕ ಧರ್ಮಸಭೆಯ 1983ರ ಕಾನೂನಿನಲ್ಲಿ ಹರಕೆಗೇ ಅಂತ ಕೆಲವು ನಿಯಮಗಳಿವೆ. ಹರಕೆ ಹೇಳಿದವನನ್ನು ಮಾತ್ರ ಅದು ಕಟ್ಟುತ್ತದೆ, ಮನೆಯವರನ್ನಲ್ಲ. ಸರಿಯಾದ ಕಾರಣ ಇದ್ದರೆ ನಮ್ಮ ಧರ್ಮಕೇಂದ್ರದ ಗುರುಗಳೇ ಅದರಿಂದ ಬಿಡುಗಡೆ ಕೊಡಬಹುದು. ಹೇಳಿದ ಕೆಲಸದ ಬದಲು ಅಷ್ಟೇ ಒಳ್ಳೆಯದನ್ನೋ ಅದಕ್ಕಿಂತ ಒಳ್ಳೆಯದನ್ನೋ ಮಾಡಲೂಬಹುದು. ನಾನು ಇನ್ನೊಂದು ನಿಯಮ ಹಿಡಿದುಕೊಂಡು ಹೋಗಿದ್ದೆ. ದೊಡ್ಡ ಭಯ ಹುಟ್ಟಿಸಿ ಅನ್ಯಾಯವಾಗಿ ಹೇಳಿಸಿದ್ದಾದರೆ ಅದು ಹರಕೆಯೇ ಅಲ್ಲ. ನನಗೆ ಆ ರಾತ್ರಿ ಭಯ ಇತ್ತಲ್ಲ ಫಾದರ್, ಅಂದೆ.

"ಭಯ ಇತ್ತು, ಸರಿ. ಅನ್ಯಾಯ ಯಾರು ಮಾಡಿದ್ದು?" ಅಂತ ಕೇಳಿದರು.

ನಾನು ಸುಮ್ಮನಾದೆ. ಆಮೇಲೆ ಅವರೇ, "ಬದಲಿಗೆ ಏನು ಮಾಡ್ತೀ? ತಮ್ಮನ ಹತ್ತಿರ ಹೋಗುವುದಕ್ಕಿಂತ ಒಳ್ಳೆಯದು ಯಾವುದಾದರೂ ಸಿಕ್ಕಿದರೆ ಬಂದು ಹೇಳು" ಅಂದರು. ಬಯ್ಯಲಿಲ್ಲ. ಗೇಟಿನವರೆಗೆ ಜೊತೆಗೇ ಬಂದರು.

ಅವತ್ತಿನಿಂದ ಬೈಬಲಿನ ಆದಿಕಾಂಡದ ಯಾಕೋಬನ ಕಥೆ ಮತ್ತೆ ಮತ್ತೆ ಓದುತ್ತಿದ್ದೇನೆ. ಅಣ್ಣ ಏಸಾವನಿಗೆ ಮೋಸ ಮಾಡಿ ಓಡಿಹೋಗುವವನು ಬೇತೇಲಿನಲ್ಲಿ ಕಲ್ಲು ನಿಲ್ಲಿಸಿ ಹರಕೆ ಹೇಳುತ್ತಾನೆ. ಅನ್ನ ಬಟ್ಟೆ ಕೊಟ್ಟು ಕ್ಷೇಮವಾಗಿ ಅಪ್ಪನ ಮನೆಗೆ ವಾಪಸ್ ಕಳಿಸಿದರೆ ನೀನೇ ನನ್ನ ದೇವರು, ಸಿಕ್ಕಿದ್ದರಲ್ಲಿ ಹತ್ತನೇ ಒಂದು ಪಾಲು ನಿನಗೆ ಅಂತ. ನನ್ನ ಆಂಬುಲೆನ್ಸಿನ ಮಾತಿನ ಹಾಗೇ, 'ಕೊಟ್ಟರೆ ಕೊಡುತ್ತೇನೆ'. ಇಪ್ಪತ್ತು ವರ್ಷ ಕಳೆದ ಮೇಲೆ ಹೊರಟು ಬರುತ್ತಾನೆ. ಆದರೆ ಬೇತೇಲಿಗೆ ಮುಟ್ಟುವ ಮೊದಲು ದಾರಿಯಲ್ಲಿ ಏಸಾವ ಸಿಗುತ್ತಾನೆ. ಯಾಕೋಬ ಹೆದರಿ ಏಳು ಸಲ ನೆಲಕ್ಕೆ ಬಗ್ಗುತ್ತಾ ಹೋಗುತ್ತಾನೆ, ಏಸಾವ ಓಡಿಬಂದು ತಬ್ಬಿಕೊಂಡು ಅಳುತ್ತಾನೆ. ನಿನ್ನ ಮುಖ ನೋಡಿದ್ದು ದೇವರ ಮುಖ ನೋಡಿದ ಹಾಗಾಯಿತು ಅನ್ನುತ್ತಾನೆ ಯಾಕೋಬ. ಬೇತೇಲಿಗೆ ಅವನು ಹೋದದ್ದು ಎಷ್ಟೋ ನಂತರ, ಅದೂ ದೇವರೇ ಎದ್ದು ಹೋಗು ಅಂದ ಮೇಲೆ. ನಾನು ಅಣ್ಣತಮ್ಮಂದಿರ ಜಾಗ ದಾಟಿಕೊಂಡು ನೇರ ಅತ್ತೂರಿಗೆ ಬಸ್ಸು ಹತ್ತಿದ್ದೆ.

ಅಪ್ಪ ಕಳೆದ ನವೆಂಬರಿನಲ್ಲಿ ತೀರಿಕೊಂಡರು. ನೀನು ಫೋನಿನಲ್ಲಿ ಅತ್ತೆ, ನನಗೆ ಅಳು ಬಂದಿರಲಿಲ್ಲ. ಬೇಳದ ಶೋಕಮಾತೆಯ ಇಗರ್ಜಿಯಲ್ಲಿ ಪೂಜೆ ಆಯಿತು. 1890ರಲ್ಲಿ ಶುರುವಾದ ಇಗರ್ಜಿ ಅದು. ನಮ್ಮ ಮನೆಯಲ್ಲಿ ಅಪ್ಪನ ಅಜ್ಜನಿಂದ ಹಿಡಿದು ಎಲ್ಲರೂ ಅಲ್ಲೇ ಮಣ್ಣಾದವರು. ಗುಂಡಿಯ ಆಚೆ ಬದಿ ತಮ್ಮ ನಿಂತಿದ್ದ, ಈಚೆ ನಾನು. ಇಬ್ಬರೂ ಒಂದೇ ಹೊತ್ತಿಗೆ ಮಣ್ಣಿಗೆ ಬಗ್ಗಿದೆವು. ಅವನ ತಲೆ ಪೂರ್ತಿ ಬೆಳ್ಳಗಾಗಿದೆ, ಗೆಳೆಯಾ. ನನಗಿಂತ ನಾಲ್ಕು ವರ್ಷ ಚಿಕ್ಕವನು. ಒಂದು ಹೆಜ್ಜೆ ಸುತ್ತಿ ಹೋದರೆ ಆಗುತ್ತಿತ್ತು. ಜನ ಇದ್ದಾರೆ, ಆಮೇಲೆ ಮಾತಾಡೋಣ ಅಂದುಕೊಂಡೆ. ಆಮೇಲೆ ನೋಡಿದರೆ ಅವನು ಇರಲಿಲ್ಲ.

ದೇವರು ಶಿಕ್ಷೆ ಕೊಡುತ್ತಾನೆ ಅನ್ನುವ ಹೆದರಿಕೆ ನನಗಿಲ್ಲ. ಅವನು ಅಪ್ಪನನ್ನು ಮತ್ತೆ ಅಷ್ಟು ವರ್ಷ ನನಗೆ ಕೊಟ್ಟ. ಅಷ್ಟೂ ವರ್ಷ ಅಪ್ಪ ಊಟಕ್ಕೆ ಕೂತಾಗ ಬಾಗಿಲ ಕಡೆ ನೋಡುತ್ತಿದ್ದರು. ಅದನ್ನು ನೆನೆದರೆ ನನ್ನಿಂದ ತಡೆಯಲು ಆಗುವುದಿಲ್ಲ.

ಸಾಕು. ಹಬ್ಬದ ಸುದ್ದಿ ಹೇಳುತ್ತೇನೆ. ಆಗಸ್ಟ್ 30ಕ್ಕೆ ನೊವೆನಾ, ಒಂಬತ್ತು ದಿನದ ಪ್ರಾರ್ಥನೆ, ಶುರು; ಮಾತೆಗೆ ಅರ್ಪಿಸಲು ಮಕ್ಕಳು ಈಗಲೇ ಯಾರ ಹಿತ್ತಿಲಲ್ಲಿ ಎಷ್ಟು ಹೂ ಅಂತ ನೋಡಿಟ್ಟಿದ್ದಾರೆ. ಗದ್ದೆಯಲ್ಲಿ ತೆನೆ ಬಂದಿದೆ. ಅಮ್ಮ ತರಕಾರಿ ಎಷ್ಟು ಬಗೆ ಮಾಡಬೇಕು ಅಂತ ಲೆಕ್ಕ ಹಾಕುತ್ತಿದ್ದಾರೆ, ನಿನಗೆ ಕೆಸುವಿನ ದಂಟು ಇದ್ದೇ ಇದೆ. ಕಬ್ಬು ನೀನೇ ತಾ. ಹೋದ ಸಲದ ಕಬ್ಬಿನ ಕಥೆ ಬೇಡ.

ಇನ್ನೊಂದು ಕೆಲಸ ಇದೆ. ಹಬ್ಬಕ್ಕೆ ಬರಲಾಗದವರಿಗೆ ಅಪ್ಪ ಆಶೀರ್ವಾದದ ತೆನೆಯಿಂದ ನಾಲ್ಕು ಕಾಳು ಬಿಡಿಸಿ ಲಕೋಟೆಯಲ್ಲಿ ಕಳಿಸುತ್ತಿದ್ದರು. ನಿನಗೂ ಮಸ್ಕತ್‌ಗೆ ಬರುತ್ತಿತ್ತಲ್ಲ. ಈ ವರ್ಷ ಹೊಸ ಅಕ್ಕಿ ಹಂಚಬೇಕಾದವನು ನಾನು. ತಮ್ಮನ ಪಾಲು ಲಕೋಟೆಯಲ್ಲಿ ಹಾಕುವುದಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತೇನೆ. ಬಾವಿಯ ಕಾಗದವನ್ನೂ ತೆಗೆದುಕೊಂಡು ಹೋಗುತ್ತೇನೆ. ಅವನು ಮನೆ ಬದಲಾಯಿಸಿದ್ದಾನಂತೆ, ಹೊಸ ಮನೆ ಎಲ್ಲಿ ಅಂತ ನಿನಗೆ ಗೊತ್ತಿದೆ ಅಂತ ಅಮ್ಮ ಹೇಳಿದರು. ವಿಳಾಸ ನನಗೆ ಮಾತ್ರ ಕಳಿಸು, ಇಲ್ಲಿ ಬರೆಯಬೇಡ.

ನಿನ್ನ ದಾರಿ ನೋಡುತ್ತಾ,
ನಿನ್ನವನೇ