ಎಕರೆ ಎಂದರೆ ಎಷ್ಟು ದಿನದ ದುಡಿಮೆ?

ಚಿರಂಜೀವಿ ಮಂಜುನಾಥನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾಲ್ಕೆಕರೆ ಹೊಲ ಕೊಳ್ಳಬೇಕೆಂದು ನೀನು ಬರೆದ ಪತ್ರ ತಲುಪಿ ಬಹಳ ಸಂತೋಷವಾಯಿತು. ಆದರೆ ಪತ್ರದ ತುಂಬ ಎಕರೆಗೆ ಬೆಲೆ ಎಷ್ಟೆಂಬ ಲೆಕ್ಕವಿದೆಯೇ ಹೊರತು, ಅದನ್ನು ಯಾರು ಉಳುತ್ತಾರೆ, ಎಷ್ಟು ದಿನ ಉಳುತ್ತಾರೆ ಎಂಬ ಮಾತೇ ಇಲ್ಲ. ಎಕರೆಯೆಂಬ ಅಳತೆ ಹುಟ್ಟಿದ್ದೇ ಆ ಎರಡನೆಯ ಲೆಕ್ಕದಿಂದ.

ಹಳೆಯ ಇಂಗ್ಲಿಷಿನಲ್ಲಿ ‘ಆಕರ್’ ಎಂದರೆ ಉತ್ತ ಹೊಲ, ಅಷ್ಟೆ. ಅದಕ್ಕೆ ಇಂತಿಷ್ಟೇ ಎಂಬ ಅಳತೆ ಮೊದಲಿಗೆ ಇರಲಿಲ್ಲ. ಜರ್ಮನ್ ಭಾಷೆಯಲ್ಲಿ ಇಂದಿಗೂ ಹೊಲಕ್ಕೆ ಹೆಚ್ಚುಕಡಿಮೆ ಅದೇ ಹೆಸರು. ಲ್ಯಾಟಿನ್ನಿನ ‘ಅಗೆರ್’, ಗ್ರೀಕಿನ ‘ಅಗ್ರೋಸ್’, ಋಗ್ವೇದದ ‘ಅಜ್ರ’ ಎಲ್ಲವೂ ಅದೇ ಕುಲದವು. ಮುಂದೆ ಇಂಗ್ಲೆಂಡಿನಲ್ಲಿ, ನೇಗಿಲಿಗೆ ಹೂಡಿದ ಎತ್ತುಗಳು ಒಂದು ದಿನದಲ್ಲಿ ಉಳಬಹುದಾದಷ್ಟು ನೆಲಕ್ಕೆ ಆ ಹೆಸರು ನಿಂತಿತು. ಭಾರವಾದ ನೇಗಿಲನ್ನು ಮತ್ತೆ ಮತ್ತೆ ತಿರುಗಿಸುವುದು ತ್ರಾಸದ ಕೆಲಸವಾದ್ದರಿಂದ ಪಟ್ಟಿ ಉದ್ದವಾಗಿರುತ್ತಿತ್ತು: ಉದ್ದ 660 ಅಡಿ, ಅಗಲ 66 ಅಡಿ. ಆ ಉದ್ದಕ್ಕೆ ಹೇಳುವ ‘ಫರ್ಲಾಂಗ್’ ಎಂಬ ಮಾತಿನ ಅರ್ಥವೇ ನೇಗಿಲ ಸಾಲಿನ ಉದ್ದ. ಅಗಲವಾದರೋ ನೀನು ಆಡುವ ಕ್ರಿಕೆಟ್ ಪಿಚ್ಚಿನ ಉದ್ದದಷ್ಟು. ಎರಡನ್ನೂ ಗುಣಿಸಿದರೆ ಪಹಣಿಯ ಎಕರೆ, 43,560 ಚದರ ಅಡಿ, ಸಿಗುತ್ತದೆ. ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗುಂಟರ್ ನೆಲ ಅಳೆಯಲೆಂದು 1620ರ ಸುಮಾರಿಗೆ ರೂಪಿಸಿದ ಸರಪಳಿಯೂ 66 ಅಡಿಯದೇ. ನಮ್ಮ ಮೋಜಣಿಯ 33 ಅಡಿಯ ಸರಪಳಿ ಅದರ ಅರ್ಧ. ಅದರ ಒಂದು ಚೌಕ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ.

ನಮ್ಮ ಹಿರಿಯರೂ ನೆಲವನ್ನು ಕೆಲಸದಿಂದಲೇ ಅಳೆದವರು. ಖಂಡುಗದ ಗದ್ದೆಯೆಂದರೆ ಒಂದು ಖಂಡುಗ ಬೀಜ ಹಿಡಿಸುವ ಗದ್ದೆ. ಅಲ್ಲಿ ಚದರ ಅಡಿಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಈ ಬುದ್ಧಿ ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ.

ಆದ್ದರಿಂದ ಮುಂಗಡ ಕೊಡುವ ಮೊದಲು, ಆ ಹೊಲವನ್ನು ಈಗ ಸಾಗುವಳಿ ಮಾಡುತ್ತಿರುವವರ ಜೊತೆ ಬದುವಿನ ಗುಂಟ ಒಂದು ಸುತ್ತು ನಡೆದು ಬಾ. ಉಳುಮೆಗೆ, ಬಿತ್ತನೆಗೆ, ಕಳೆಗೆ, ಕೊಯ್ಲಿಗೆ ಎಷ್ಟೆಷ್ಟು ಆಳು ಬೇಕೆಂದು ಅವರನ್ನೇ ಕೇಳಿ ಬರೆದುಕೋ. ರಜೆಯ ದಿನಗಳಲ್ಲಿ ನಿನ್ನಿಂದ ಆಗುವುದೆಷ್ಟು ಎಂದು ಅದರ ಪಕ್ಕದಲ್ಲೇ ಬರೆ. ಪಹಣಿಯಲ್ಲಿ ಖರಾಬಿನ ಅಂಕಣವನ್ನು ತಪ್ಪದೆ ನೋಡು. ‘ಎ’ ಖರಾಬು ಸಾಗುವಳಿಗೆ ಬಾರದ ನೆಲ, ‘ಬಿ’ ಖರಾಬು ದಾರಿ, ಹಳ್ಳಗಳಂಥ ಸಾರ್ವಜನಿಕ ನೆಲ. ಇವೆರಡನ್ನೂ ಕಳೆದು ಉಳಿಯುವ ನೆಲಕ್ಕೆ ಮಾತ್ರ ಬೆಲೆ ಮಾತಾಡು.

ಇಂತಿ ನಿನ್ನ ದೊಡ್ಡಪ್ಪ